ಎಡೆದೊರೆಯಿಂದ ಕುದುರೆಮುಖಕ್ಕೆ

ಆಷಾಢದ ದಿನಗಳಲ್ಲಿ ರಾಯಚೂರು ಸೀಮೆಯ ಆಕಾಶದಲ್ಲಿ ಮೋಡಗಳು ಕಾಣಿಸಿಕೊಂಡು, ಗಾಳಿಯೊಂದನ್ನು ಮಾತ್ರ ಧಾರಾಳವಾಗಿ ದಾನಮಾಡಿ, ಪೂರ್ವಾಭಿಮುಖವಾಗಿ ಸಾಗಿಹೋಗುತ್ತಿರುವಾಗ, ಮಾನ್ವಿ ತಾಲ್ಲೂಕಿನ ಕಾಲುವೆಯ ಕೆಳಗಿನ ರೈತನು ದಿನಪತ್ರಿಕೆಯಲ್ಲಿ ಮೊದಲು ಹುಡುಕುವುದು ತನ್ನ ಊರಿನ ಮಳೆಯ ವರದಿಯನ್ನಲ್ಲ. ಶೃಂಗೇರಿಯಲ್ಲಿ ಎಷ್ಟು ಸುರಿಯಿತು, ಆಗುಂಬೆಯಲ್ಲಿ ಎಷ್ಟು, ಕಳಸ ಕುದುರೆಮುಖಗಳ ಕಡೆ ಹೇಳಿಕೊಳ್ಳುವಂತಹ ಮಳೆಯಾಯಿತೇ, ಗಾಜನೂರಿನಲ್ಲಿ ತುಂಗೆ ತುಂಬಿ ಹೊರಬಿದ್ದಳೇ ಎಂಬುದನ್ನು. ತನ್ನ ಹೊಲದ ಮೇಲೆ ಒಂದು ಹನಿಯೂ ಬೀಳದಿದ್ದರೂ ಆ ಅಂಕಿಗಳನ್ನು ಓದಿದ ಮೇಲೆ ಅವನು ಭತ್ತದ ಬೀಜ ನೆನೆಹಾಕುವ ಯೋಚನೆ ಮಾಡುತ್ತಾನೆ. ನಮ್ಮ ಸೀಮೆಯಲ್ಲಿ ವರ್ಷವಿಡೀ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಕುದುರೆಮುಖದ ಬೆಟ್ಟಗಳಲ್ಲಿ ಅದು 7,000ವನ್ನು ಮುಟ್ಟುವುದುಂಟು. ತಾನು ಎಂದೂ ಕಣ್ಣಿಂದ ಕಾಣದ ಒಂದು ಮಳೆಗಾಡಿನ ಮೇಲೆ, ಅದರ ಮೋಡದ ಮೇಲೆ, ಅದರ ಹುಲ್ಲಿನ ಬೇರಿನ ಮೇಲೆ ತನ್ನ ಅನ್ನವನ್ನು ಅವಲಂಬಿಸಿಕೊಂಡಿರುವ ಈ ಮನುಷ್ಯನಿಗೆ ಆ ಕಾಡಿನ ಪರಿಚಯವಾದರೂ ಇರಬೇಡವೇ ಎಂಬ ಪ್ರಶ್ನೆ ಬಹುಕಾಲದಿಂದ ನನ್ನನ್ನು ಕಾಡಿದೆ. ಆ ಕಾಡಿಗೆ ಹಿಂದೆ ಯಾರು ಯಾರು ಹೋದರು, ಏನನ್ನು ಬಯಸಿ ಹೋದರು, ಏನನ್ನು ಹೊತ್ತು ತಂದರು ಎಂಬ ವೃತ್ತಾಂತವನ್ನು ಎಡೆದೊರೆಯ ದಡದಲ್ಲಿ ನಿಂತು ಬರೆಯುವ ಧೈರ್ಯ ಮಾಡಿದುದಕ್ಕೆ ಇದೇ ಕಾರಣ.

ಎಡೆದೊರೆ ಎಂಬುದು ಶಾಸನಗಳು ನಮ್ಮ ನಾಡಿಗೆ ಕೊಟ್ಟ ಹೆಸರು. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ಭೂಭಾಗವನ್ನು ಅವು ಎಡೆದೊರೆ ಎರಡು ಸಾಸಿರವೆಂದು ಕರೆದವು. ಉತ್ತರಕ್ಕೆ ದೇವದುರ್ಗ, ದಕ್ಷಿಣಕ್ಕೆ ಮಾನ್ವಿ, ನಡುವೆ ಪೂರ್ವದ ಕಡೆಗೆ ರಾಯಚೂರು ನಗರ. ಎರೆಮಣ್ಣು, ಬಿಳಿಜೋಳ, ಹತ್ತಿ, ಅಲ್ಲಲ್ಲಿ ಬೋಳು ಬಂಡೆಗಳ ಗುಡ್ಡ. ಇಷ್ಟೇ ಸಂಪತ್ತಿನ ಈ ನೆಲಕ್ಕಾಗಿ ಸುರಿದ ರಕ್ತವನ್ನು ನೆನೆದರೆ ಆಶ್ಚರ್ಯವಾಗುತ್ತದೆ. 1294ರಲ್ಲಿ ಕಾಕತೀಯರ ಕಾಲದ ದಳಪತಿಗಳು ರಾಯಚೂರಿನ ಕೋಟೆಯನ್ನು ಕಟ್ಟಿಸಿ, ಅದರ ಗೋಡೆಯಲ್ಲಿ ನಲವತ್ತು ಅಡಿಗೂ ಮೀರಿದ ಉದ್ದದ ಒಂದೇ ಕಲ್ಲನ್ನು ಕೂರಿಸಿ, ಆ ಕಲ್ಲನ್ನು ಸಾಗಿಸಿ ತಂದ ಬಗೆಯನ್ನೂ ಅದರ ಮೇಲೆಯೇ ಕೆತ್ತಿಸಿಟ್ಟರು. ಅನಂತರ ವಿಜಯನಗರದವರೂ ಬಹಮನಿ ಸುಲ್ತಾನರೂ, ಬಹಮನಿ ರಾಜ್ಯ ಒಡೆದ ಬಳಿಕ ಬಿಜಾಪುರದ ಆದಿಲಶಾಹಿಗಳೂ, ಇನ್ನೂರು ವರ್ಷಗಳ ಕಾಲ ಈ ಎರಡು ಹೊಳೆಗಳ ನಡುವಣ ನೆಲವನ್ನು ಪರಸ್ಪರರ ಕೈಯಿಂದ ಕಿತ್ತುಕೊಳ್ಳುತ್ತಲೇ ಇದ್ದರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದುಕೊಂಡುದು ಆ ಸುದೀರ್ಘ ಕಲಹದ ಅತ್ಯಂತ ಪ್ರಸಿದ್ಧ ಅಧ್ಯಾಯ. ವಿಚಿತ್ರವೆಂದರೆ, ಹೊಳೆಯನ್ನು ಗಡಿಯೆಂದು ತಿಳಿದು ಅದರ ದಡದಲ್ಲಿ ಲಕ್ಷಾಂತರ ಜನರನ್ನು ಬಲಿಗೊಟ್ಟ ಈ ಅರಸರಲ್ಲಿ ಯಾರೂ ಹೊಳೆಯ ಹುಟ್ಟನ್ನು ತಮ್ಮ ರಾಜನೀತಿಯ ವಿಷಯವೆಂದು ಎಣಿಸಲಿಲ್ಲ. ನೀರು ಬರುತ್ತಿತ್ತು, ಅವರಿಗೆ ಅಷ್ಟು ಸಾಕಾಗಿತ್ತು.

ಆ ನೀರು ಹುಟ್ಟುವ ಜಾಗ ಯಾವುದೆಂದರೆ, ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಇಂದು ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದು ಕರೆಯಲ್ಪಡುವ ಅರಣ್ಯದೊಳಗೆ, ವರಾಹಪರ್ವತದ ಗಂಗಾಮೂಲ. ಅಲ್ಲಿ ಸ್ವಲ್ಪ ಸ್ವಲ್ಪ ದೂರದಲ್ಲಿ ಮೂರು ನದಿಗಳು ಉದಯಿಸುತ್ತವೆ. ಆದಿವರಾಹನು ಭೂಮಿಯನ್ನು ಎತ್ತಿದ ಬಳಿಕ ವಿಶ್ರಮಿಸಿದಾಗ ಅವನ ಕೋರೆಗಳಿಂದ ಇಳಿದುವು ತುಂಗಾ ಭದ್ರೆಗಳು, ಕಣ್ಣಿನಿಂದ ಇಳಿದದ್ದು ನೇತ್ರಾವತಿ ಎಂಬುದು ಸ್ಥಳಪುರಾಣ. ನೇತ್ರಾವತಿ ಪಶ್ಚಿಮಕ್ಕೆ ತಿರುಗಿ ಶೀಘ್ರದಲ್ಲಿಯೇ ಮಂಗಳೂರಿನ ಕಡಲನ್ನು ಸೇರಿಬಿಡುತ್ತದೆ. ತುಂಗೆಯು ಶೃಂಗೇರಿ ತೀರ್ಥಹಳ್ಳಿಗಳ ಮೇಲೆ, ಭದ್ರೆಯು ಕಳಸ ಬಾಳೆಹೊನ್ನೂರುಗಳ ಮೇಲೆ, ಬೇರೆ ಬೇರೆ ಹಾದಿ ಹಿಡಿದು, ಶಿವಮೊಗ್ಗೆಯ ಬಳಿ ಕೂಡಲಿಯಲ್ಲಿ ಒಂದಾಗಿ, ಅಲ್ಲಿಂದ 531 ಕಿಲೋಮೀಟರು ಹರಿದು, ಹರಿಹರ, ಹಂಪೆ, ಆನೆಗೊಂದಿಗಳನ್ನು ದಾಟಿ, ಮಾನ್ವಿಯ ದಕ್ಷಿಣದ ಮೇರೆಯನ್ನು ಒರಸಿಕೊಂಡು, ರಾಯಚೂರು ತಾಲ್ಲೂಕಿನ ಬಿಚ್ಚಾಲೆಯನ್ನೂ ಆಚೆಯ ದಡದ ಮಂತ್ರಾಲಯವನ್ನೂ ಕಂಡು, ಆಲಂಪುರದ ಸಮೀಪದಲ್ಲಿ ಕೃಷ್ಣೆಗೆ ತನ್ನನ್ನು ಒಪ್ಪಿಸುತ್ತದೆ. ದೇವದುರ್ಗದವರ ಕೃಷ್ಣೆಯೂ ಇದೇ ಸಹ್ಯಾದ್ರಿಯ ಮಗಳೇ. ಅವಳ ತವರು ಇನ್ನೂ ಉತ್ತರಕ್ಕೆ, ಮಹಾಬಳೇಶ್ವರದಲ್ಲಿದೆ. ಹೀಗೆ ಎಡೆದೊರೆಯ ಎರಡು ತೊರೆಗಳೂ ಪಡುವಣ ಘಟ್ಟದ ಮಳೆಗಾಡಿನ ಸಂತಾನ. ನಮ್ಮ ಮಣ್ಣು ನಮ್ಮದು. ನಮ್ಮ ನೀರು ಪರದೇಶದ್ದು.

ಆ ಕಾಡಿನ ಸ್ವರೂಪವನ್ನು ಬಯಲುಸೀಮೆಯ ಓದುಗರಿಗೆ ಕೊಂಚ ವಿಸ್ತಾರವಾಗಿಯೇ ಹೇಳಬೇಕು. ಬೆಟ್ಟಗಳ ನೆತ್ತಿಯೂ ಇಳಿಜಾರೂ ಹುಲ್ಲುಗಾವಲು. ಕಣಿವೆಯ ಮಡಿಕೆಗಳಲ್ಲಿ ಮಾತ್ರ, ಗಾಳಿಗೆ ಹೆದರಿ ಅವಿತುಕೊಂಡಂತೆ, ಶೋಲಾ ಎಂಬ ದಟ್ಟವಾದ ಕಾಡಿನ ಗುಂಪುಗಳು. ಮಳೆಗಾಲದ ನಾಲ್ಕು ತಿಂಗಳು ಎಡೆಬಿಡದೆ ಸುರಿಯುವ ನೀರನ್ನು ಹುಲ್ಲಿನ ಬುಡವೂ ಅದರ ಕೆಳಗಿನ ಮೆತ್ತನೆಯ ಕಪ್ಪು ಮಣ್ಣೂ ಹೀರಿಕೊಂಡು, ಮಳೆ ನಿಂತ ಬಳಿಕ ತಿಂಗಳುಗಟ್ಟಲೆ ಶೋಲೆಗಳ ತಳದ ಸಣ್ಣ ಸಣ್ಣ ಹಳ್ಳಗಳಿಗೆ ಬಿಟ್ಟುಕೊಡುತ್ತವೆ. ತಗ್ಗಿನಲ್ಲಿ ಧೂಪ, ರಾಮಪತ್ರೆ, ಉಪ್ಪಾಗೆ, ಬೆತ್ತಗಳ ನಿತ್ಯಹರಿದ್ವರ್ಣದ ಅರಣ್ಯ. ಅದರ ಮೇಲ್ಚಾವಣಿಯಲ್ಲಿ ನೆಲಕ್ಕೆ ಇಳಿಯುವುದನ್ನೇ ಒಲ್ಲದ ಸಿಂಗಳೀಕಗಳು, ಕಪ್ಪು ಮೈ, ಮೋರೆಯ ಸುತ್ತ ನರೆತ ಕೇಸರ, ಸಿಂಹದ ಬಾಲ. ಪ್ರಪಂಚದಲ್ಲಿ ಪಡುವಣ ಘಟ್ಟಗಳನ್ನು ಬಿಟ್ಟರೆ ಬೇರೆಲ್ಲಿಯೂ ಈ ಕಪಿ ವಾಸಿಸುವುದಿಲ್ಲ. ಇನ್ನು ಕಾಲಿಗೆ ಹತ್ತುವ ಉಂಬಳದ ವಿಚಾರ: ನಮ್ಮ ಕಡೆಯಿಂದ ಹೋದವರು ಊರಿಗೆ ಮರಳಿ ಬಣ್ಣಿಸುವುದು ಬೆಟ್ಟದ ಸೌಂದರ್ಯಕ್ಕಿಂತ ಹೆಚ್ಚಾಗಿ ಅದರ ರಕ್ತದಾಹವನ್ನೇ. ಚೇಳು ತುಂಬಿದ ಬಂಡೆಗಳ ನಡುವೆ ಬೆಳೆದವರಿಗೂ ಉಂಬಳದ ಭೀತಿ ಏಕಿರಬೇಕೋ, ಮನುಷ್ಯನು ಪರಿಚಿತವಾದ ಅಪಾಯವನ್ನು ಅಪಾಯವೆಂದು ಗಣಿಸುವುದೇ ಇಲ್ಲವೇನೋ.

ಈ ಅರಣ್ಯಕ್ಕೆ ನಮ್ಮ ನದೀತೀರದಿಂದ ಮೊದಮೊದಲು ಹೋದವರು ಪುಣ್ಯಾರ್ಥಿಗಳು. 1346ರಲ್ಲಿ ವಿಜಯನಗರದ ಹರಿಹರನೂ ಅವನ ಸೋದರರೂ ಶೃಂಗೇರಿಗೆ ತೆರಳಿ, ತಮ್ಮ ವಿಜಯದ ಸಂತೋಷದಲ್ಲಿ ಭಾರತೀತೀರ್ಥ ಗುರುಗಳಿಗೆ ಭೂದಾನ ಮಾಡಿದ ಸಂಗತಿ ಅಲ್ಲಿಯ ಶಾಸನದಿಂದ ತಿಳಿಯುತ್ತದೆ. ನದಿಯ ನಡುಹಾದಿಯಲ್ಲಿ ಹುಟ್ಟಿದ ಸಾಮ್ರಾಜ್ಯ ನದಿಯ ತಲೆಗೆ ಹೋಗಿ ನಮಸ್ಕರಿಸಿತು. ಶೃಂಗೇರಿಯಿಂದ ಮುಂದಕ್ಕೆ ಕಿಗ್ಗ. ಅಲ್ಲಿಯ ದೇವಾಲಯ ಋಷ್ಯಶೃಂಗನದು. ಅಂಗದೇಶದಲ್ಲಿ ಮಳೆ ಹೋದಾಗ ರೋಮಪಾದ ರಾಜನು ಈ ಮುನಿಕುಮಾರನನ್ನು ಕರೆಸಿಕೊಂಡನು, ಅವನು ಕಾಲಿಟ್ಟೊಡನೆ ಮೋಡ ಕರಗಿತು ಎಂಬ ರಾಮಾಯಣದ ಕಥೆ ಎಲ್ಲರಿಗೂ ತಿಳಿದುದೇ. ಕಿಗ್ಗದ ಬೆನ್ನಿಗಿರುವ ನರಸಿಂಹಪರ್ವತದ ಕಾಡು ಇಂದಿನ ಉದ್ಯಾನದೊಳಗಿನದೇ. ಬರಗಾಲದ ವರ್ಷಗಳಲ್ಲಿ ಬಯಲುಸೀಮೆಯ ಜನ ಈಗಲೂ ಆ ಮಳೆದೇವರಿಗೆ ಹರಕೆ ಹೊತ್ತು ಹೋಗುತ್ತಾರೆ. ಸರ್ಕಾರದ ಮಂತ್ರಿಗಳು ಅಲ್ಲಿ ಪರ್ಜನ್ಯಪೂಜೆ ಸಲ್ಲಿಸಿದುದೂ ಉಂಟು. ಮಳೆಗಾಡು ಇದ್ದಲ್ಲಿಗೇ ಮಳೆಯನ್ನು ಬೇಡಲು ಹೋಗಬೇಕೆಂಬ ವಿವೇಕವನ್ನು ನಮ್ಮ ಪುರಾಣಗಾರರು ನಮ್ಮ ಇಂಜಿನಿಯರರಿಗಿಂತ ಬಹಳ ಮುಂಚೆಯೇ ತೋರಿಸಿಕೊಟ್ಟರೆನ್ನಬೇಕು.

ಎಡೆದೊರೆಯ ಮಟ್ಟಿಗೆ ಘಟ್ಟದ ಯಾತ್ರೆಗೆ ಇನ್ನೊಂದು ಪ್ರಬಲವಾದ ಕಾರಣವಿತ್ತು, ಅದು ಉಡುಪಿ. ಹರಿದಾಸ ಸಾಹಿತ್ಯದ ಎರಡನೆಯ ಉತ್ಕರ್ಷದ ಕಾಲವೆಂದು ಕರೆಯುವ 18ನೆಯ ಶತಮಾನದಲ್ಲಿ ದಾಸಪಂಥಕ್ಕೆ ತವರಾದುದು ನಮ್ಮ ಜಿಲ್ಲೆಯೇ. ಮಾನ್ವಿ ತಾಲ್ಲೂಕಿನ ಚೀಕಲಪರವಿಯಲ್ಲಿ ತುಂಗಭದ್ರೆಯ ದಡದಲ್ಲಿ ವಿಜಯದಾಸರು; ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಗೋಪಾಲದಾಸರು; ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆನಿಂತು ‘ಹರಿಕಥಾಮೃತಸಾರ’ವನ್ನು ರಚಿಸಿದ ಜಗನ್ನಾಥದಾಸರು. ಮಧ್ವಮತದ ಈ ಭಕ್ತರಿಗೂ ಅವರ ಶಿಷ್ಯಪರಂಪರೆಗೂ ಕೃಷ್ಣನ ದರ್ಶನವೆಂದರೆ ಉಡುಪಿ. ಉಡುಪಿಗೆ ಹೋಗಬೇಕಾದರೆ ಘಟ್ಟವನ್ನು ಇಳಿಯದೆ ವಿಧಿಯಿಲ್ಲ. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುದಾರಿಯೂ ಮದರಾಸಿನ ಕಡೆಯಿಂದ ಬಂದ ರೈಲುದಾರಿಯೂ ರಾಯಚೂರಿನಲ್ಲಿ ಕೈಹಿಡಿದುಕೊಂಡ ಮೇಲೆ ನಮ್ಮವರಿಗೆ ಕಾಶಿ ರಾಮೇಶ್ವರಗಳು ಹತ್ತಿರವಾದುವೇ ಹೊರತು ಉಡುಪಿ ಹತ್ತಿರವಾಗಲಿಲ್ಲ. ಅತ್ತ ಕಡೆಗೆ ಬಂಡಿ, ಕಾಲ್ನಡಿಗೆ, ಮಳೆಗಾಲ ಬಂತೆಂದರೆ ಅದೂ ಇಲ್ಲ. ಘಟ್ಟದ ಮೇಲಿನ ಕಳಸದ ಬಳಿ, ಭದ್ರೆಯ ನಡುವಿನ ಅಂಬುತೀರ್ಥದಲ್ಲಿ, ಒಂದು ದೊಡ್ಡ ಬಂಡೆಯಿದೆ; ಮಧ್ವಾಚಾರ್ಯರು ಇದನ್ನು ಒಂದೇ ಕೈಯಿಂದ ತಂದಿಟ್ಟರೆಂದು ಅದರ ಮೇಲೆ ಸಂಸ್ಕೃತದಲ್ಲಿ ಬರೆದಿದೆ. ಕಳಸಕ್ಕೆ ಬಂದ ಮಾಧ್ವ ಯಾತ್ರಿಕರು ಆ ಕಲ್ಲನ್ನು ನೋಡಿ, ಭದ್ರೆಯಲ್ಲಿ ಮಿಂದು ಮುಂದೆ ಹೋಗುತ್ತಿದ್ದರು. ತಾನು ಮಿಂದ ನೀರೇ ಕೆಲವು ದಿನಗಳ ತರುವಾಯ ತನ್ನ ಮನೆಯವರ ಕೊಡವನ್ನು ತುಂಬುವುದೆಂದು ಅಂದಿನ ಯಾವನಾದರೊಬ್ಬ ಮಾನ್ವಿಯ ಯಾತ್ರಿಕನಿಗೆ ಹೊಳೆದಿದ್ದರೆ ಅವನ ತೀರ್ಥಬುದ್ಧಿಗೆ ಇನ್ನಷ್ಟು ಗಾಂಭೀರ್ಯ ಬರುತ್ತಿತ್ತು.

ಯಾತ್ರಿಕರ ಜೊತೆಯಲ್ಲಿಯೇ ನಡೆದವು ಹೇರೆತ್ತುಗಳು. ಘಟ್ಟದ ಮೇಲಿನ ಕಳಸವನ್ನೂ ಘಟ್ಟದ ಕೆಳಗಿನ ಕಾರ್ಕಳವನ್ನೂ ಒಟ್ಟಿಗೆ ಆಳಿದ ಜೈನರಾದ ಭೈರರಸರ ಬೊಕ್ಕಸಕ್ಕೆ ಆಧಾರವಾಗಿದ್ದುದು ಈ ಎರಡು ನೆಲಗಳ ನಡುವಿನ ವಿನಿಮಯ: ಮೇಲಿನಿಂದ ಮೆಣಸು ಏಲಕ್ಕಿ, ಕೆಳಗಿನಿಂದ ಉಪ್ಪು, ಒಣಮೀನು, ಕಡಲಾಚೆಯ ಸರಕು. ಆ ವಂಶದ ವೀರಪಾಂಡ್ಯನೇ 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದವನು. ಉತ್ತರಕ್ಕೆ ಭಟ್ಕಳದ ಹಾದಿಯಲ್ಲಿ ವರ್ಷಂಪ್ರತಿ ಐದಾರು ಸಾವಿರ ಹೇರೆತ್ತುಗಳು ಘಟ್ಟವೇರುತ್ತಿದ್ದುದನ್ನು ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ಬರೆದಿಟ್ಟಿದ್ದಾನೆ. ವಿಜಯನಗರದ ಲಾಯಗಳನ್ನು ತುಂಬಿದ ಅರಬ್ಬೀ ಕುದುರೆಗಳೂ ಪಡುವಣ ಕರಾವಳಿಯ ಬಂದರುಗಳಲ್ಲಿ ಇಳಿದು, ಇಂತಹ ಕಣಿವೆಗಳನ್ನು ಹತ್ತಿಯೇ ಬಯಲಿಗೆ ಬಂದುವು. ರಾಯಚೂರಿನ ಕೋಟೆಯ ಮುಂದೆ ಕಾದಾಡಿದ ಅಶ್ವದಳದ ಹಿಂದೆ ಮಳೆಗಾಡಿನ ಜಾರುಹಾದಿಯೊಂದು ಇತ್ತೆಂಬುದನ್ನು ನಮ್ಮ ಯುದ್ಧವರ್ಣನೆಗಳು ಹೇಳುವುದಿಲ್ಲ. ಕಡಲಿನಲ್ಲಿದ್ದ ನಾವಿಕರಿಗಾದರೋ ಆ ಬೆಟ್ಟಸಾಲಿನ ಒಂದು ಶಿಖರ ದಿಕ್ಕು ತೋರುವ ಗುರುತಾಗಿತ್ತು. ಪಶ್ಚಿಮದಿಂದ ನೋಡಿದರೆ ಕುದುರೆಯ ಮೋರೆಯಂತೆ ಕಾಣುವ, 6,200 ಅಡಿಗಳಷ್ಟು ಎತ್ತರದ ಆ ಶಿಖರವೇ ಕುದುರೆಮುಖ. ಹತ್ತಿರದ ಹಳ್ಳಿಯವರ ಬಾಯಲ್ಲಿ ಅದು ಸಂಸೆಪರ್ವತ.

1799ರಲ್ಲಿ ಟಿಪ್ಪುವಿನ ಪತನವಾಗಿ ಕರಾವಳಿ ಕಂಪನಿಯ ವಶಕ್ಕೆ ಬಂದ ಮೇಲೆ ಶಿಖರದ ಸಾಲು ಎರಡು ಆಡಳಿತಗಳ ಗಡಿಯಾಯಿತು. ಮೂಡಲಿಗೆ ಮೈಸೂರು, ಪಡುವಲಿಗೆ ಮದರಾಸು ಪ್ರಾಂತಕ್ಕೆ ಸೇರಿದ ಕೆನರಾ. ಮಂಗಳೂರಿನ ವೈಶಾಖದ ಸೆಕೆಯನ್ನು ತಾಳಲಾರದ ಆಂಗ್ಲ ಅಧಿಕಾರಿಗಳು ಬೆಟ್ಟದ ಮೇಲೆ ಬಂಗಲೆ ಕಟ್ಟಿಸಿಕೊಂಡು ಬೇಸಗೆಯನ್ನು ಅಲ್ಲಿ ಕಳೆಯುವ ಪದ್ಧತಿ ಮಾಡಿಕೊಂಡರು. ಪಾದ್ರಿಗಳೂ ಅತ್ತ ಏರಿದರು. ಅವರ ಇಗರ್ಜಿಯ ಕುಸಿದ ಗೋಡೆಗಳು ಇಂದಿಗೂ ಶಿಖರದ ಹಾದಿಯಲ್ಲಿ ಹುಲ್ಲಿನ ನಡುವೆ ನಿಂತಿವೆ. ಬೆಟ್ಟವನ್ನು ಬೆಟ್ಟದ ತಂಪಿಗಾಗಿಯೇ ಹತ್ತಿದವರಲ್ಲಿ ಇವರೇ ಮೊದಲಿಗರಿರಬಹುದು. ಆದರೆ ಅವರ ಸುಖಕ್ಕೆ ಸಾಮಾನು ಹೊತ್ತ ಕೂಲಿಗಳ ಹೆಗಲು ಬೇಕಾಗಿತ್ತೆಂಬುದನ್ನು ಮರೆಯಲಾಗದು. 1916ರಲ್ಲಿ ಇಲ್ಲಿಯ ಕಾಡನ್ನು ಮೀಸಲು ಅರಣ್ಯವೆಂದು ಸಾರಿ, ಕುಮರಿ ಬೇಸಾಯವನ್ನು ತಡೆಯುವ ಏರ್ಪಾಡಾಯಿತು. ಅದರಿಂದ ಕಾಡು ಉಳಿದದ್ದು ನಿಜ. ಕಾಡಿನಲ್ಲಿ ಬದುಕುತ್ತಿದ್ದವರು ಕಾಡಿಗೆ ಅನ್ಯರಾದುದೂ ನಿಜ.

ಅಷ್ಟರಲ್ಲಿ ಎಡೆದೊರೆಯಲ್ಲಿ ಏನಾಗುತ್ತಿತ್ತು? ನಿಜಾಮರ ರಾಜ್ಯದ ದಕ್ಷಿಣದ ಅಂಚಿನಲ್ಲಿ ನಮ್ಮ ಜನ ಬರದಿಂದ ಬರಕ್ಕೆ ದಾಟಿಕೊಂಡು ಬರುತ್ತಿದ್ದರು. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಬಳ್ಳಾರಿ ರಾಯಚೂರು ಸೀಮೆಗಳ ಹಳ್ಳಿಗಳು ಬರಿದಾದುವು. ಹೊಳೆ ದಡದಲ್ಲಿಯೇ ಇದ್ದು ಹೊಲಕ್ಕೆ ನೀರಿಲ್ಲದ ಈ ವೈಪರೀತ್ಯವನ್ನು ಕಂಡು 1860ರಷ್ಟು ಹಿಂದೆಯೇ ತುಂಗಭದ್ರೆಗೆ ಅಣೆಕಟ್ಟಿನ ಕಲ್ಪನೆ ಮಾಡಿದವನು ಆರ್ಥರ್ ಕಾಟನ್. ಕಲ್ಪನೆಗೂ ಕಲ್ಲಿಗೂ ನಡುವೆ ಎಂಬತ್ತೈದು ವರ್ಷಗಳ ಅಂತರ. 1945ರ ಫೆಬ್ರವರಿ 28ರಂದು, ಹೈದರಾಬಾದಿನ ದಡದಲ್ಲಿ ಬೀರಾರಿನ ಯುವರಾಜನೂ ಮದರಾಸಿನ ದಡದಲ್ಲಿ ಗವರ್ನರ್ ಆರ್ಥರ್ ಹೋಪನೂ ಹೊಸಪೇಟೆಯ ಬಳಿ ಅಡಿಗಲ್ಲು ಹಾಕಿದರು; ಅವರು ಪ್ರತಿನಿಧಿಸಿದ ಆಳ್ವಿಕೆಗಳೂ ಮುಗಿದು, ದೇಶ ಸ್ವತಂತ್ರವಾಗಿ, 1953ರ ಜುಲೈಯಲ್ಲಿ ಕಾಲುವೆಗೆ ನೀರು ಹರಿಯಿತು. ಎಡದಂಡೆಯ ಮುಖ್ಯ ಕಾಲುವೆ 227 ಕಿಲೋಮೀಟರು ಹರಿದು ಮಾನ್ವಿ ರಾಯಚೂರುಗಳನ್ನು ಮುಟ್ಟಿತು. ಜೋಳದ ಸೀಮೆಯಲ್ಲಿ ಭತ್ತ ಬಂತು. ಕರಾವಳಿ ಆಂಧ್ರದಿಂದ ರೈತ ಕುಟುಂಬಗಳು ಬಂದು ಕಾಲುವೆಯ ಉದ್ದಕ್ಕೂ ಕ್ಯಾಂಪುಗಳನ್ನು ಕಟ್ಟಿಕೊಂಡುವು. ಅಕ್ಕಿಯ ಗಿರಣಿಗಳ ಸದ್ದು ರಾಯಚೂರು ನಗರದ ಸದ್ದಾಯಿತು. ಮಾನ್ವಿ ತಾಲ್ಲೂಕಿನ ರಾಜೋಳಿಬಂಡೆಯಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ಹೊರಟ ಕಾಲುವೆಯು ನೆರೆಯ ತೆಲುಗು ನಾಡಿಗೂ ನೀರು ಕೊಟ್ಟಿತು. ದೇವದುರ್ಗ ಮಾತ್ರ ಇನ್ನೂ ಬಹುಕಾಲ ಕಾದು, ನಾರಾಯಣಪುರದ ಬಲದಂಡೆಯ ಕಾಲುವೆಯಿಂದ ಕೃಷ್ಣೆಯ ಪಾಲನ್ನು ಪಡೆಯಿತು. ಒಟ್ಟಿನಲ್ಲಿ, ಪುಣ್ಯಕ್ಕಾಗಿ ಮಾತ್ರ ಘಟ್ಟದ ನೀರನ್ನು ನೆನೆಯುತ್ತಿದ್ದ ಸೀಮೆ ಹೊಟ್ಟೆಗಾಗಿ ಅದನ್ನು ನೆನೆಯತೊಡಗಿತು. ಸಂಬಂಧ ಹೀಗೆ ಬಿಗಿಯಾದ ಕಾಲದಲ್ಲಿಯೇ ನದಿಯ ತಲೆಯ ಮೇಲೆ ಸುತ್ತಿಗೆ ಬಿತ್ತು.

ಕುದುರೆಮುಖದ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ಇದೆಯೆಂಬುದನ್ನು 1913ರಲ್ಲಿ ಕಂಡುಹಿಡಿದವರು ಮೈಸೂರು ಸಂಸ್ಥಾನದ ಭೂಗರ್ಭಶಾಸ್ತ್ರಜ್ಞ ಸಂಪತ್ ಅಯ್ಯಂಗಾರ್ಯರು. ಅದಿರು ಬಡವಾದುದು, ಅದನ್ನು ಪುಡಿಮಾಡಿ, ನೀರಿನಲ್ಲಿ ತೊಳೆದು, ಕಬ್ಬಿಣದ ಅಂಶವನ್ನು ಬೇರ್ಪಡಿಸಿದರೆ ಮಾತ್ರ ಪ್ರಯೋಜನ. ಆದುದರಿಂದ ಅರ್ಧ ಶತಮಾನದ ಮೇಲೆ ಯಾರೂ ಅದರ ಗೊಡವೆಗೆ ಹೋಗಲಿಲ್ಲ. ಆಮೇಲೆ ಬಂದುದು ಪರ್ಷಿಯದ ಐಶ್ವರ್ಯ. 1975ರಲ್ಲಿ ಇರಾನಿನ ಷಾ ಸರ್ಕಾರವು 63 ಕೋಟಿ ಡಾಲರುಗಳ ಸಾಲ ಕೊಡಲೊಪ್ಪಿ, 21 ವರ್ಷಗಳಲ್ಲಿ 15 ಕೋಟಿ ಟನ್ನು ಅದಿರಿನ ಸಾರವನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. 1976ರ ಏಪ್ರಿಲಿನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪಿತವಾಯಿತು. ಮಲ್ಲೇಶ್ವರವೆಂಬ ಹಳ್ಳಿಯ ಜಾಗದಲ್ಲಿ ಶಾಲೆ, ಆಸ್ಪತ್ರೆ, ಬ್ಯಾಂಕು, ಚಿತ್ರಮಂದಿರ ಸಹಿತವಾದ ಪಟ್ಟಣ ಎದ್ದಿತು. ಬೆಟ್ಟದ ನೆತ್ತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಪುಡಿಯನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಹರಿಸುವ ಅದ್ಭುತವಾದ ಏರ್ಪಾಡು ಸಿದ್ಧವಾಯಿತು. 1980ರಲ್ಲಿ ಸ್ಥಾವರ ಸಜ್ಜಾಗುವ ಹೊತ್ತಿಗೆ ಷಾ ಸಿಂಹಾಸನದಲ್ಲಿರಲಿಲ್ಲ. ಹೊಸ ಇರಾನಿಗೆ ಅದಿರು ಬೇಕಿರಲಿಲ್ಲ. ತೆಹರಾನಿನ ಬೀದಿಯಲ್ಲಿ ನಡೆದ ಕ್ರಾಂತಿ ಭದ್ರೆಯ ತವರಿನ ಬೆಟ್ಟವನ್ನು ಉಳಿಸಬಹುದಾಗಿತ್ತು, ಉಳಿಸಲಿಲ್ಲ. ಬೇರೆ ದೇಶದ ಗಿರಾಕಿಗಳು ದೊರೆತರು, ಕೆಲಸ ಸಾಗಿತು.

ತೊಳೆದುಳಿದ ಕೆಸರನ್ನು ತಡೆಹಿಡಿಯಲು ಲಕ್ಯಾ ಹೊಳೆಗೆ ಅಡ್ಡಲಾಗಿ ನೂರು ಮೀಟರು ಎತ್ತರದ ಮಣ್ಣಿನ ಅಣೆಯನ್ನು ಕಟ್ಟಿದರು. ಲಕ್ಯಾ ಭದ್ರೆಯ ಉಪನದಿ. ವರ್ಷಕ್ಕೆ 7,000 ಮಿಲಿಮೀಟರು ಮಳೆ ಬೀಳುವೆಡೆಯಲ್ಲಿ ಬೆಟ್ಟದ ಹುಲ್ಲುಹಾಸನ್ನು ಸುಲಿದರೆ ಏನಾಗಬೇಕೋ ಅದೇ ಆಯಿತು: ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿದಳು. ನದಿಯ ಜಲಾನಯನದಲ್ಲಿ ಅತ್ಯಲ್ಪ ಭಾಗವಾದ ಗಣಿಯ ಪ್ರದೇಶವೇ ಆ ಮೇಲ್ಗಣಿವೆಯ ಹೂಳಿಗೆ ಮುಖ್ಯ ಕಾರಣವೆಂದು ವಿಜ್ಞಾನಿಗಳ ಅಳತೆಗಳು ತೋರಿಸಿದುವು. ನ್ಯಾಯವಾಗಿ ಹೇಳಬೇಕಾದರೆ, ಆ ಹೂಳಿನ ಬಹುಭಾಗ ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿಯೇ ನಿಂತಿರಬೇಕು. ನಮ್ಮ ಹೊಸಪೇಟೆಯ ಜಲಾಶಯ 133 ಟಿಎಂಸಿಯಿಂದ 105ರ ಆಸುಪಾಸಿಗೆ ಕುಗ್ಗಿದುದಕ್ಕೆ ಬೇರೆ ಗಣಿಗಳೂ ಬೇರೆ ಹೊಲಗಳೂ ಕಾರಣ. ಆದರೂ ಮೇಲಿನ ಒಂದು ಬೆಟ್ಟವನ್ನು ಕಡಿದರೆ ಕೆಳಗಿನ ಒಂದು ಪಾತ್ರೆ ಕಿರಿದಾಗುತ್ತದೆ ಎಂಬ ಸರಳವಾದ ಲೆಕ್ಕವನ್ನು ಕುದುರೆಮುಖದಷ್ಟು ಸ್ಪಷ್ಟವಾಗಿ ಬರೆದು ತೋರಿಸಿದ ಸ್ಥಳ ಕನ್ನಡನಾಡಿನಲ್ಲಿ ವಿರಳ.

ಇದೇ ಕಾಲದಲ್ಲಿ ಕಾಡಿನೊಳಗೆ ಬೇರೊಂದು ಬಗೆಯ ಎಣಿಕೆ ನಡೆದಿತ್ತು. 1983-84ರಲ್ಲಿ ವನ್ಯಜೀವಿ ತಜ್ಞ ಉಲ್ಲಾಸ ಕಾರಂತರು ಕರ್ನಾಟಕದ ಘಟ್ಟಗಳಲ್ಲಿ ಸಿಂಗಳೀಕಗಳ ನೆಲೆಯನ್ನು ಸಮೀಕ್ಷೆ ಮಾಡಿ, ಕುದುರೆಮುಖದ ಕಾಡು ಅವುಗಳ ಮುಖ್ಯ ಆಶ್ರಯಗಳಲ್ಲಿ ಒಂದೆಂದು ತೋರಿಸಿದರು. ಅದರ ಫಲವಾಗಿ 1987ರಲ್ಲಿ 600 ಚದರ ಕಿಲೋಮೀಟರಿಗೆ ಕೊಂಚ ಮೀರಿದ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವಾಗಿಸುವ ಘೋಷಣೆ ಹೊರಟಿತು. ಒಂದೇ ಬೆಟ್ಟಸಾಲಿನಲ್ಲಿ ಒಂದು ಕಡೆ ರಕ್ಷಣೆ, ಇನ್ನೊಂದು ಕಡೆ ಸಿಡಿಮದ್ದು. ಗಣಿಯ ಗುತ್ತಿಗೆ 1999ರಲ್ಲಿ ಮುಗಿಯಿತಾದರೂ ತಾತ್ಕಾಲಿಕ ಅನುಮತಿಗಳ ಮೇಲೆ ಅಗೆತ ಮುಂದುವರಿಯಿತು. ನಿವೃತ್ತ ವಲಯ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರು ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. ನಾಗರಹೊಳೆಯಲ್ಲಿ ಜೀವಮಾನವನ್ನು ಕಳೆದ ಕೊಡಗಿನವರಾದ ಅವರಿಗೆ ಭದ್ರೆಯ ನೀರಿನಿಂದ ಆಗಬೇಕಾದ ಲಾಭವೇನೂ ಇರಲಿಲ್ಲ. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಡಿಸೆಂಬರ್ 31ಕ್ಕೆ ಗಣಿಯ ಯಂತ್ರಗಳು ನಿಂತುವು. ಆ ನದಿಯ ನೀರನ್ನು ಉಂಡು ಬದುಕುವ ನಮ್ಮ ಸೀಮೆಯಲ್ಲಿ ಆ ವ್ಯಾಜ್ಯ ಮನೆಮಾತಾಗಲಿಲ್ಲವೆಂಬುದು ನನಗೆ ಈಗಲೂ ಸಂಕೋಚದ ವಿಷಯ. 2012ರಲ್ಲಿ ಯುನೆಸ್ಕೋ ಸಂಸ್ಥೆಯು ಪಡುವಣ ಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖ ಅವುಗಳಲ್ಲೊಂದಾಯಿತು.

ಈ ವಿಜಯದ ಕಥೆಯಲ್ಲಿ ಒಂದು ನೋವಿನ ಎಳೆಯೂ ಇದೆ. ಅದನ್ನು ಬಿಟ್ಟು ಬರೆಯುವುದು ಅಪ್ರಾಮಾಣಿಕವಾದೀತು. ಉದ್ಯಾನದ ಗಡಿಯೊಳಗೆ ಮಲೆಕುಡಿಯರೂ ಗೌಡಲರೂ ಇತರ ಸಣ್ಣ ಹಿಡುವಳಿದಾರರೂ ತಲೆಮಾರುಗಳಿಂದ ಬದುಕಿದ್ದರು. ಉದ್ಯಾನದ ಘೋಷಣೆಯ ಜೊತೆಗೆ ಒಕ್ಕಲೆಬ್ಬಿಸುವ ಭಯ ಅವರ ಹಟ್ಟಿಗಳಿಗೆ ಬಂತು. ಆ ಭಯದ ಮೇಲೆ ಬಂದೂಕಿನ ರಾಜಕೀಯ ಬೆಳೆಯಿತು. 2003ರಿಂದ ಕೆಲವು ವರ್ಷ ಈ ಕಾಡಿನ ಹೆಸರು ಪತ್ರಿಕೆಗಳಲ್ಲಿ ಗುಂಡಿನ ಕಾಳಗಗಳ ಸುದ್ದಿಯೊಡನೆಯೇ ಕಾಣಿಸುತ್ತಿತ್ತು. ಬೆಟ್ಟವನ್ನೇ ಕಡಿದ ಕಂಪನಿಗೆ ಅವಧಿಯ ಮೇಲೆ ಅವಧಿ ದೊರೆತ ನಾಡಿನಲ್ಲಿ, ಜೇನು ಸೀಗೆಕಾಯಿಗಳನ್ನು ಆಯ್ದವನಿಗೆ ಅಷ್ಟು ತಾಳ್ಮೆಯನ್ನು ಯಾರೂ ತೋರಲಿಲ್ಲ.

ಇನ್ನು ಇಂದಿನ ಆಗಂತುಕರು. ಗಣಿ ನಿಂತು, ಕಂಪನಿಯ ಪಟ್ಟಣದ ಮನೆಗಳು ಒಂದೊಂದಾಗಿ ಬೀಗ ಹಾಕಿಕೊಂಡ ಮೇಲೆ, ಕುದುರೆಮುಖಕ್ಕೆ ಜನ ಬರುವುದು ನಿಸರ್ಗದರ್ಶನಕ್ಕೆ, ಚಾರಣಕ್ಕೆ. ಸಂಸೆಯ ಕಡೆಯ ಮುಳ್ಳೋಡಿಯಿಂದ ಶಿಖರಕ್ಕೆ ಏರುವ ಹಾದಿಯಲ್ಲಿ ಒಂಟಿಮರ, ಲೋಬೋ ಮನೆಯ ಅವಶೇಷ, ಇಗರ್ಜಿಯ ಗೋಡೆ, ಅನಂತರ ಮೋಡ. ಹೋಗಿ ಬರಲು ಒಂದು ಪೂರ್ಣ ಹಗಲು ಬೇಕು, ರಾತ್ರಿ ಬೆಟ್ಟದ ಮೇಲೆ ತಂಗುವಂತಿಲ್ಲ. ನೇತ್ರಾವತಿ ಶಿಖರ, ಕುರಿಂಜಾಲು, ಗಂಗಡಿಕಲ್ಲು, ಕಿಗ್ಗದಿಂದ ನರಸಿಂಹಪರ್ವತ, ಹೀಗೆ ಹಾದಿಗಳು ಹಲವು. ಹನುಮನಗುಂಡಿಯ ಜಲಪಾತವನ್ನು ನೋಡಲು ಮೆಟ್ಟಿಲುಗಳನ್ನು ಇಳಿದರೆ ಸಾಕು. ಭಗವತಿಯ ಪ್ರಕೃತಿ ಶಿಬಿರದಲ್ಲಿ ಉಳಿದು ಭದ್ರೆಯನ್ನು ಅವಳ ಬಾಲ್ಯದಲ್ಲಿ ಕಾಣಬಹುದು. 2024ರ ಜನವರಿಯ ಕೊನೆಯಲ್ಲಿ ಘಟ್ಟದ ಇನ್ನೊಂದು ಶಿಖರವಾದ ಕುಮಾರಪರ್ವತದ ಮೇಲೆ ಜಾತ್ರೆಯಂತೆ ಜನ ಕಿಕ್ಕಿರಿದ ಬಳಿಕ ಅರಣ್ಯ ಇಲಾಖೆಯು ಚಾರಣಕ್ಕೆ ಅಂತರ್ಜಾಲದಲ್ಲಿ ಮುಂಗಡ ನೋಂದಣಿಯನ್ನು ಕಡ್ಡಾಯಮಾಡಿ, ದಿನಕ್ಕೆ ಇಷ್ಟೇ ಜನವೆಂದು ಮಿತಿ ಹಾಕಿತು. ಸರಿಯಾದ ಕೆಲಸ. ಪುಣ್ಯ ಬೇಡಿದವನು, ಮೆಣಸು ಬೇಡಿದವನು, ತಂಪು ಬೇಡಿದವನು, ಕಬ್ಬಿಣ ಬೇಡಿದವನು, ಇವರೆಲ್ಲರ ಸಾಲಿನಲ್ಲಿ ಸಾಹಸವನ್ನು ಬೇಡುವವನೂ ಒಬ್ಬ ಬೇಡುವವನೇ. ತಾನು ಏನನ್ನೂ ಒಯ್ಯುತ್ತಿಲ್ಲವೆಂದು ಅವನು ಭಾವಿಸಿಕೊಳ್ಳುತ್ತಾನೆ. ನೂರಾರು ಜೋಡು ಬೂಟುಗಳು ಒಂದೇ ವಾರಾಂತ್ಯದಲ್ಲಿ ತುಳಿದ ಹುಲ್ಲಿನ ಹಾದಿ ಮುಂದಿನ ಮಳೆಗೆ ಕೊರಕಲಾಗುವುದನ್ನು ಅವನು ನೋಡಲು ಮರಳಿ ಬರುವುದಿಲ್ಲ.

ಬೆಂಗಳೂರಿನ ಯುವಕರು ಶುಕ್ರವಾರದ ರಾತ್ರಿಯ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಾರೆ, ಮಂಗಳೂರಿನವರು ಬೆಳಗ್ಗೆ ಹೊರಟು ಸಂಜೆ ಮನೆಗೆ ಮರಳುತ್ತಾರೆ. ರಾಯಚೂರು, ಮಾನ್ವಿ, ದೇವದುರ್ಗಗಳಿಂದ ಧರ್ಮಸ್ಥಳ, ಹೊರನಾಡು, ಶೃಂಗೇರಿಗಳಿಗೆ ಹೋಗುವ ಯಾತ್ರಿಕರ ವಾಹನಗಳು ಇದೇ ಕಾಡಿನ ನಡುವೆ ಹಾದುಹೋಗುತ್ತವೆ. ಆದರೆ ಕಿಟಕಿಯಿಂದ ಕಂಡ ಹಸುರಿಗೂ ತಮ್ಮ ಗದ್ದೆಯ ಹಸುರಿಗೂ ಇರುವ ನಂಟನ್ನು ಅವರಿಗೆ ತಿಳಿಸಿಕೊಡುವವರಿಲ್ಲ. ಪ್ರತಿ ವರ್ಷ ಮುನಿರಾಬಾದಿನಲ್ಲಿಯೋ ಬೆಂಗಳೂರಿನಲ್ಲಿಯೋ ನೀರಾವರಿ ಸಲಹಾ ಸಮಿತಿಯ ಸಭೆ ಸೇರುತ್ತದೆ. ಜಲಾಶಯದಲ್ಲಿ ಎಷ್ಟು ನೀರಿದೆ, ಎರಡನೆಯ ಬೆಳೆಗೆ ಬಿಡಬಹುದೇ, ಎಡದಂಡೆಯ ಕಾಲುವೆಯ ಮೈಲ್ 104ರ ಗೇಜಿನಲ್ಲಿ ಎಷ್ಟು ಅಡಿ ನೀರು ನಿಲ್ಲಿಸಬೇಕು, ಕಾಲುವೆಯ ಕೊನೆಯ ಭಾಗಕ್ಕೆ ಏಕೆ ಮುಟ್ಟಲಿಲ್ಲ ಎಂದು ವಾಗ್ವಾದಗಳಾಗುತ್ತವೆ. ನ್ಯಾಯವಾದ ವಾಗ್ವಾದಗಳೇ. ಆದರೆ ಆ ಚರ್ಚೆ ಜಲಾಶಯದಿಂದ ಕೆಳಕ್ಕೆ ಹರಿಯುತ್ತದೆಯೇ ಹೊರತು ಮೇಲಕ್ಕೆ ಏರುವುದು ಅಪರೂಪ.

ಆದುದರಿಂದ ನಮ್ಮ ಕಾಲುವೆಯ ನೀರು ಬಳಕೆದಾರರ ಸಂಘಗಳಲ್ಲಿ ಒಂದು ವಿನಂತಿ. ಕೊಯ್ಲು ಮುಗಿದು ಕೈ ಬಿಡುವಾಗುವ ಪುಷ್ಯಮಾಸದಲ್ಲಿ, ಸದಸ್ಯರಲ್ಲಿ ಇಪ್ಪತ್ತು ಮಂದಿಯನ್ನೂ ಹಳ್ಳಿಯ ಪ್ರೌಢಶಾಲೆಯ ಇಪ್ಪತ್ತು ಮಕ್ಕಳನ್ನೂ ಒಂದು ಬಸ್ಸಿನಲ್ಲಿ ಕೂರಿಸಿ ಕುದುರೆಮುಖಕ್ಕೆ ಕಳುಹಿಸಿರಿ. ಕೂಡಲಿಯಲ್ಲಿ ನಿಲ್ಲಿಸಿರಿ, ಕಳಸದಲ್ಲಿ ನಿಲ್ಲಿಸಿರಿ, ಲಕ್ಯಾದ ಅಣೆಯನ್ನು ದೂರದಿಂದಲಾದರೂ ತೋರಿಸಿರಿ, ಒಂದು ಬೆಟ್ಟವನ್ನಾದರೂ ಕಾಲ್ನಡಿಗೆಯಿಂದ ಹತ್ತಿಸಿರಿ. ಅನುಮತಿಯನ್ನು ಮುಂಚಿತವಾಗಿ ಪಡೆದಿರಬೇಕು, ಪ್ಲಾಸ್ಟಿಕ್ ಒಯ್ಯಬಾರದು, ಬುತ್ತಿಗೆ ಜೋಳದ ರೊಟ್ಟಿ ಶೇಂಗಾ ಚಟ್ನಿ ಧಾರಾಳವಾಗಿ ಸಾಕು, ಅವು ನಾಲ್ಕು ದಿನವಾದರೂ ಕೆಡುವುದಿಲ್ಲ.